‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದದ್ದು ಯಾರಿಗೆ?

ನವೆಂಬರ್ ಬಂತೆಂದರೆ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. ಒಂದು, ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡ ಕಲಿಯದವರ ಮೇಲಿನ ಸಿಟ್ಟು. ಇನ್ನೊಂದು, ಈ ಟೆಕ್ಸಸ್ ಜನರ ವಿಚಿತ್ರಗಳ ಮೇಲಿನ ತಮಾಷೆ. ಎಲ್ಲಿ ನೋಡಿದರೂ ಟೆಕ್ಸಸ್ ಬಾವುಟ, ಶಾಲೆಯ ಮಕ್ಕಳ ಬಾಯಲ್ಲಿ ಟೆಕ್ಸಸ್ ಪ್ರತಿಜ್ಞೆ, ಮಾತಿಗೊಮ್ಮೆ ‘ಯಾಲ್’. ಎರಡನ್ನೂ ಬರೆಯುವವರು ಒಬ್ಬರೇ. ಎರಡಕ್ಕೂ ಹೆಬ್ಬೆರಳು ಎತ್ತುವವರು ನಾವೇ. ಬೆಳಿಗ್ಗೆ ಮೊದಲನೆಯದು, ಸಂಜೆ ಎರಡನೆಯದು.

ನಾನು ಲೆಕ್ಕದ ಕಸುಬಿನವಳು. ಹುಬ್ಬಳ್ಳಿಯಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ 2009ರಲ್ಲಿ ನ್ಯೂ ಜೆರ್ಸಿಗೆ ಬಂದೆ. ಹತ್ತು ವರ್ಷದ ನಂತರ ಗಂಡನ ಕೆಲಸದ ಸಲುವಾಗಿ ಡಲ್ಲಾಸಿನ ಉತ್ತರಕ್ಕಿರುವ ಒಂದು ಊರಿಗೆ ಬಂದು ನೆಲೆಸಿದೆವು. ಒಂದೇ ವ್ಯಾಪಾರಕ್ಕೆ ಎರಡು ಲೆಕ್ಕದ ಪುಸ್ತಕ ಇಡುವ ಅಂಗಡಿಗಳನ್ನು ಆರ್ಟಿಕಲ್‌ಶಿಪ್ ದಿನಗಳಲ್ಲಿ ನೋಡಿದ್ದೇನೆ. ಒಂದು ಪುಸ್ತಕ ತೋರಿಸಲಿಕ್ಕೆ, ಇನ್ನೊಂದು ತಮಗೆ. ವಲಸೆಯ ವಿಷಯದಲ್ಲಿ ನಾವು ಹೊರನಾಡ ಕನ್ನಡಿಗರು ಇಟ್ಟುಕೊಂಡಿರುವುದು ಇಂಥ ಎರಡು ಪುಸ್ತಕವನ್ನೇ. ಬೆಂಗಳೂರಿಗೆ ಬರುವವರು ಹೇಗಿರಬೇಕು ಎನ್ನುವುದಕ್ಕೆ ಒಂದು, ನಾವು ಹೋದಲ್ಲಿ ಹೇಗಿರುತ್ತೇವೆ ಎನ್ನುವುದಕ್ಕೆ ಇನ್ನೊಂದು. ಎರಡೂ ತಾಳೆಯಾಗುವುದಿಲ್ಲ. ಇದನ್ನು ಹೇಳಿದರೆ ಹಲವರಿಗೆ ಸಿಟ್ಟು ಬರುತ್ತದೆಂದು ಗೊತ್ತು. ಬರಲಿ.

ಹೊಸ ರಾಜ್ಯಕ್ಕೆ ಬಂದವರಿಗೆ ಎದುರಾಗುವ ವಿಚಿತ್ರಗಳನ್ನು ನಾನು ಮೂರು ಬಾಬ್ತಾಗಿ ವಿಂಗಡಿಸುತ್ತೇನೆ.

ಮೊದಲನೆಯದು ದಂಡ ಬೀಳುವಂಥವು. ಟೆಕ್ಸಸ್‌ಗೆ ಬಂದ 30 ದಿನದೊಳಗೆ ಕಾರನ್ನು ಇಲ್ಲಿ ನೋಂದಾಯಿಸಬೇಕು, 90 ದಿನದೊಳಗೆ ಇಲ್ಲಿನ ಲೈಸೆನ್ಸ್ ಪಡೆಯಬೇಕು. ಡಲ್ಲಾಸಿನ ಟೋಲ್ ರಸ್ತೆಗಳಲ್ಲಿ ದುಡ್ಡು ತೆಗೆದುಕೊಳ್ಳುವ ಕಟ್ಟೆಯೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟನ್ನು ನೋಡಿಕೊಳ್ಳುತ್ತದೆ, ಬಿಲ್ಲು ಮನೆಗೆ ಬರುತ್ತದೆ. ಇವಕ್ಕೆ ನಾವು ಒಂದು ತಿಂಗಳಲ್ಲಿ ಹೊಂದಿಕೊಂಡೆವು. ಯಾರೂ ‘ನಮ್ಮ ಜೆರ್ಸಿಯಲ್ಲಿ ಹೀಗಿರಲಿಲ್ಲ’ ಎಂದು ತಕರಾರು ತೆಗೆಯಲಿಲ್ಲ.

ಎರಡನೆಯದು ದುಡ್ಡು ಉಳಿಸುವಂಥವು. ಈ ಬಾಬ್ತಿನಲ್ಲಿ ನಮ್ಮವರ ಚುರುಕುತನ ನೋಡಬೇಕು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. 2019ರ ನವೆಂಬರಿನಲ್ಲಿ ಇಲ್ಲಿನ ಮತದಾರರು ಅದನ್ನು ಸಂವಿಧಾನದಲ್ಲೇ ನಿಷೇಧಿಸಿದರು. ಅದರ ಬದಲು ಮನೆಯ ಮೇಲಿನ ತೆರಿಗೆ ಜಾಸ್ತಿ. ಸ್ವಂತ ವಾಸದ ಮನೆಗೆ ‘ಹೋಮ್‌ಸ್ಟೆಡ್’ ವಿನಾಯಿತಿ ಇದೆ, ಆದರೆ ನಾವೇ ಅರ್ಜಿ ಹಾಕಿಕೊಳ್ಳಬೇಕು. 2023ರಲ್ಲಿ ಶಾಲಾ ತೆರಿಗೆಯ ವಿನಾಯಿತಿ 40,000 ಡಾಲರಿನಿಂದ 1,00,000 ಡಾಲರಿಗೆ ಏರಿತು. ಶಾಲಾ ತೆರಿಗೆ ನೂರಕ್ಕೆ ಒಂದು ಡಾಲರ್ ಎಂದಿಟ್ಟುಕೊಂಡರೂ ವರ್ಷಕ್ಕೆ 1,000 ಡಾಲರ್ ಉಳಿಯಿತು. ಕರೆಂಟಿನ ಕಂಪನಿಯನ್ನು ಇಲ್ಲಿ ಬಹುತೇಕ ಕಡೆ ನಾವೇ ಆರಿಸಿಕೊಳ್ಳಬೇಕು. ತಿಂಗಳಿಗೆ 1,000 ಯೂನಿಟ್ ದಾಟಿದರೆ ರಿಯಾಯಿತಿ, 999ಕ್ಕೆ ನಿಂತರೆ ರಿಯಾಯಿತಿ ಇಲ್ಲ ಎನ್ನುವಂಥ ಪ್ಲಾನುಗಳಿವೆ. ಅಂಥ ತಿಂಗಳ ಕೊನೆಯ ದಿನ ಬೇಕೆಂದೇ ಎರಡು ಸಲ ಬಟ್ಟೆ ಒಣಗಿಸುವ ಯಂತ್ರ ಓಡಿಸಿದ ಗೆಳತಿಯರನ್ನು ಬಲ್ಲೆ. ಇವೆಲ್ಲ ನಮಗೆ ಕರತಲಾಮಲಕ. ನನ್ನನ್ನು ಫೋನಿನಲ್ಲಿ ಹಿಡಿದು ಗಂಟೆಗಟ್ಟಲೆ ಪುಕ್ಕಟೆ ಕೇಳಿಕೊಂಡವರ ಲೆಕ್ಕ ನಾನು ಇಟ್ಟಿಲ್ಲ.

ಮೂರನೆಯದು ದಂಡವೂ ಇಲ್ಲದ, ಉಳಿತಾಯವೂ ಇಲ್ಲದ ವಿಚಿತ್ರಗಳು. ಅಂದರೆ, ಆ ನೆಲದ ಮತ್ತು ಆ ಜನರ ರೂಢಿಗಳು. ಇವಕ್ಕೆ ನಾವು ಹೊಂದಿಕೊಳ್ಳುವುದಿಲ್ಲ. ಇವನ್ನು ಕಂಡರೆ ನಗುತ್ತೇವೆ.

ನನ್ನ ಮೇಲಿನ ನಗೆಯಿಂದಲೇ ಶುರು ಮಾಡುತ್ತೇನೆ. ನ್ಯೂ ಜೆರ್ಸಿಯಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವಂತಿಲ್ಲ. 1949ರಿಂದಲೂ ಅಲ್ಲಿ ಆ ಕಾನೂನಿದೆ. ಬಂಕಿನವರೇ ಬಂದು ಹಾಕಬೇಕು. ಟೆಕ್ಸಸ್‌ಗೆ ಬಂದ ಮೊದಲ ವಾರ ಪಂಪಿನ ಮುಂದೆ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಕಾರ್ಡನ್ನು ಹೊರಗೆ ಚಾಚಿಕೊಂಡು ಕೂತಿದ್ದೆ. ಐದು ನಿಮಿಷವಾಯಿತು. ಹಿಂದಿನ ಟ್ರಕ್ಕಿನಿಂದ ಒಬ್ಬಾತ ಇಳಿದು ಬಂದು, ಟೋಪಿ ಸರಿಮಾಡಿಕೊಂಡು, ‘ಮೇಡಂ, ಎಲ್ಲ ಆರಾಮ ತಾನೆ?’ ಎಂದು ಕೇಳಿದ. ವಿಷಯ ಹೇಳಿದೆ. ಅವನು ನಗಲಿಲ್ಲ. ಪಂಪನ್ನು ಹೇಗೆ ಹಿಡಿಯಬೇಕು, ಯಾವ ಗುಂಡಿ ಒತ್ತಬೇಕು ಎಂದು ಹೇಳಿಕೊಟ್ಟು, ‘ಟೆಕ್ಸಸ್‌ಗೆ ಸ್ವಾಗತ’ ಎಂದು ಹೋದ. ನಾನು ಮಾತ್ರ ಮನೆಗೆ ಬಂದು ಅವನ ಟೋಪಿ, ಬೂಟು, ರಾಗದ ಮಾತು ಎಲ್ಲವನ್ನೂ ಅಭಿನಯಿಸಿ ತೋರಿಸಿ ಗಂಡ ಮಗಳನ್ನು ನಗಿಸಿದೆ. ಕಲಿಸಿದವನು ನಗಲಿಲ್ಲ, ಕಲಿತವಳು ನಕ್ಕಳು. ಇದು ನನಗೆ ಆಗ ಹೊಳೆಯಲಿಲ್ಲ.

ತಿಂಗಳ ಮೊದಲ ಬುಧವಾರ ಮಧ್ಯಾಹ್ನ ನಮ್ಮೂರಿನಲ್ಲಿ ಸುಂಟರಗಾಳಿಯ ಸೈರನ್ನನ್ನು ಪರೀಕ್ಷೆಗೆಂದು ಕೂಗಿಸುತ್ತಾರೆ. ಮೊದಲ ಸಲ ಹೆದರಿ ಬಚ್ಚಲಮನೆ ಸೇರಿದೆ; ಎರಡನೆಯ ಸಲದಿಂದ ಅದೂ ತಮಾಷೆಯಾಯಿತು. ಒಮ್ಮೆ ರಸ್ತೆಯಲ್ಲಿ ಕಾರುಗಳೆಲ್ಲ ಬದಿಗೆ ಸರಿದು ನಿಂತವು. ದಾರಿ ಸಿಕ್ಕಿತೆಂದು ನಾನು ಜೋರಾಗಿ ಓಡಿಸಿಕೊಂಡು ಹೋದೆ. ಎದುರಿಗೆ ದೀಪ ಹೊತ್ತಿಸಿಕೊಂಡು ಬರುತ್ತಿದ್ದದ್ದು ಶವದ ಮೆರವಣಿಗೆ. ಗುರುತಿಲ್ಲದವರ ಸಾವಿಗೂ ಗಾಡಿ ನಿಲ್ಲಿಸುವುದು ಇಲ್ಲಿನ ರೂಢಿ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹೆಣ ಹೋಗುವಾಗ ಅಂಗಡಿಯವರು ತಕ್ಕಡಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಆದರೂ ಗಾಡಿ ನಿಲ್ಲಿಸಲಿಲ್ಲ. ಯಾಕೆಂದರೆ ಇದು ನನ್ನ ಊರಲ್ಲವೆಂದು ನನ್ನೊಳಗೆ ಮೊದಲೇ ತೀರ್ಮಾನವಾಗಿತ್ತು.

ಇನ್ನು ಪಕ್ಕದ ಮನೆಯ ಹಿರಿಯರ ವಿಷಯ. ಬೇಸಿಗೆಯಲ್ಲಿ ಅವರು ಮನೆಯ ಸುತ್ತ ತೂತಿನ ಪೈಪು ಹಾಸಿ ಪಾಯಕ್ಕೆ ನೀರು ಬಿಡುತ್ತಿದ್ದರು. ನಮಗೂ ಬಂದು ಹೇಳಿದರು: ‘ನಿಮ್ಮ ಮನೆಗೂ ನೀರು ಕುಡಿಸಿ.’ ಗಿಡಕ್ಕೆ ನೀರು ಹಾಕುವುದನ್ನು ಕೇಳಿದ್ದೆವು, ಮನೆಗೆ ನೀರು ಹಾಕುವುದನ್ನು ಕೇಳಿರಲಿಲ್ಲ. ಗುಂಪಿಗೆ ಅದೊಂದು ಜೋಕಾಯಿತು. ಆ ವಾರ ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು ನಗಲಿಲ್ಲ. ‘ಮಣ್ಣು ಎಂಥಾದೈತಿ?’ ಅಂದಳು. ಕರೀದು ಅಂದೆ. ‘ಮತ್ತ? ಎರಿ ಮಣ್ಣು ಬ್ಯಾಸಿಗ್ಯಾಗ ಬಾಯಿ ಬಿಡ್ತೈತಿ, ಮಳಿಗಾಲದಾಗ ಉಬ್ತೈತಿ. ನಿಮ್ಮಜ್ಜನ ಮನಿ ಗ್ವಾಡಿ ಬಿರುಕು ಬಿಟ್ಟಿದ್ದು ಮರತಿ ಏನು?’ ಡಲ್ಲಾಸಿನ ಸುತ್ತಣ ನೆಲದ ಹೆಸರೇ ‘ಬ್ಲ್ಯಾಕ್‌ಲ್ಯಾಂಡ್’. ಒಂದು ಕಾಲಕ್ಕೆ ಹತ್ತಿ ಬೆಳೆದ ಕಪ್ಪು ಜೇಡಿ ಮಣ್ಣು. ನವಲಗುಂದದ ಎರೆಹೊಲದ ಖಾಸಾ ದಾಯಾದಿ. ಪಕ್ಕದ ಮನೆಯವರು ನನಗೆ ಹೇಳಿದ್ದು ನನ್ನ ಅಜ್ಜನಿಗೆ ಗೊತ್ತಿದ್ದ ಸಂಗತಿಯನ್ನೇ. ನಾನು ಮಣ್ಣನ್ನು ನೋಡಲಿಲ್ಲ, ಹೇಳಿದವರ ರಾಗ ಕೇಳಿ ನಕ್ಕೆ.

ಅವ್ವನ ಮಾತಿನ ಮೇಲೆ ಪೈಪು ಹಾಕಿಸಿದೆವು. ಪಕ್ಕದವರ ಮಾತಿನ ಮೇಲಲ್ಲ.

2021ರ ಫೆಬ್ರುವರಿ. ಅದೊಂದು ಶನಿವಾರ ಆ ಹಿರಿಯರು ಮತ್ತೆ ಬಾಗಿಲಿಗೆ ಬಂದರು. ದೊಡ್ಡ ಚಳಿ ಬರುತ್ತಿದೆ, ರಾತ್ರಿ ನಲ್ಲಿಗಳನ್ನು ಸಣ್ಣಗೆ ಹನಿಯಲು ಬಿಡಿ, ಸಿಂಕಿನ ಕೆಳಗಿನ ಬಾಗಿಲುಗಳನ್ನು ತೆರೆದಿಡಿ, ಹೊರಗಿನ ನಲ್ಲಿಗೆ ಹಳೆ ಟವೆಲ್ ಸುತ್ತಿ ಎಂದರು. ನನ್ನ ಗಂಡ ಬಹಳ ವಿನಯದಿಂದಲೇ, ‘ನಾವು ಹತ್ತು ವರ್ಷ ನ್ಯೂ ಜೆರ್ಸಿಯಲ್ಲಿದ್ದವರು, ಹಿಮ ನಮಗೆ ಹೊಸದಲ್ಲ’ ಎಂದರು. ಬಾಗಿಲು ಹಾಕಿದ ಮೇಲೆ ಇಬ್ಬರೂ ನಕ್ಕೆವು. ಎರಡಂಗುಲ ಹಿಮಕ್ಕೆ ಇಡೀ ಊರು ಹಾಲು ಬ್ರೆಡ್ಡಿಗೆ ಮುಗಿಬೀಳುವುದು ನಮ್ಮ ಗುಂಪಿನ ಮಾಮೂಲು ಜೋಕು.

ನಮಗೆ ಗೊತ್ತಿಲ್ಲದ್ದು ಏನೆಂದರೆ, ಅಲ್ಲಿ ನಮ್ಮ ಮನೆಯ ನೀರಿನ ಪೈಪುಗಳು ನೆಲಮಾಳಿಗೆಯಲ್ಲಿ ಬೆಚ್ಚಗಿದ್ದವು. ಇಲ್ಲಿ ಛಾವಣಿಯ ಕೆಳಗಿನ ಅಟ್ಟದಲ್ಲಿ ಹಾಯುತ್ತವೆ. ಗೊತ್ತಿಲ್ಲದ ಇನ್ನೊಂದು ಸಂಗತಿಯೆಂದರೆ, ಟೆಕ್ಸಸ್‌ನ ಬಹುಭಾಗದ ವಿದ್ಯುತ್ ಜಾಲ ಅಮೆರಿಕದ ಪೂರ್ವದ ಜಾಲಕ್ಕೂ ಪಶ್ಚಿಮದ ಜಾಲಕ್ಕೂ ಸೇರದ ಪ್ರತ್ಯೇಕ ಜಾಲ. ಕೊರತೆ ಬಿದ್ದರೆ ಹೊರಗಿನಿಂದ ಬರುವ ಕರೆಂಟು ತೀರಾ ಕಡಿಮೆ. 15ರ ಸೋಮವಾರ ನಸುಕಿನಲ್ಲಿ ಕರೆಂಟು ಹೋಯಿತು. ಮರುದಿನ ಡಲ್ಲಾಸಿನಲ್ಲಿ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಆ ದಿನ ಮಧ್ಯಾಹ್ನ ಮಗಳ ಕೋಣೆಯ ಮೇಲಿನ ಪೈಪು ಒಡೆದು, ತಾರಸಿಯ ಹಲಗೆ ಕುಸಿದು, ನೀರು ಧೋ ಎಂದು ಸುರಿಯಿತು. ಮಂಚದ ಮೇಲೆ ಎರಡು ಕಂಬಳಿ ಹೊದ್ದು ಕೂತಿದ್ದ ಒಂಬತ್ತು ವರ್ಷದ ಹುಡುಗಿ ಒದ್ದೆಯಾಗಿ ನಡುಗುತ್ತಾ ಹೊರಗೆ ಓಡಿ ಬಂದಳು.

ನೀರು ಎಲ್ಲಿ ಬಂದ್ ಮಾಡಬೇಕೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಆ ಎಪ್ಪತ್ತು ದಾಟಿದ ಮನುಷ್ಯ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬಂದು, ರಸ್ತೆಬದಿಯ ಮೀಟರ್ ಪೆಟ್ಟಿಗೆಯ ಮೇಲಿನ ಹಿಮ ಕೆರೆದು, ಮಂಡಿಯೂರಿ ಕೂತು ನೀರು ನಿಲ್ಲಿಸಿದರು. ಮಗಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಗ್ಯಾಸಿನ ಅಗ್ಗಿಷ್ಟಿಕೆಯ ಮುಂದೆ ಕೂರಿಸಿದರು. ನಾವು ಮೂವರೂ ಎರಡು ರಾತ್ರಿ ಅವರ ಮನೆಯಲ್ಲಿ ಮಲಗಿದೆವು. ಕೊರೋನಾ ಕಾಲ. ವಯಸ್ಸಾದ ದಂಪತಿ. ಅವರು ಅದರ ಮಾತೇ ಎತ್ತಲಿಲ್ಲ. ‘ಹೇಳಿದ್ದೆನಲ್ಲ’ ಎಂದೂ ಅನ್ನಲಿಲ್ಲ.

ಆ ವಾರದ ಬಿರುಗಾಳಿಯಲ್ಲಿ ಸತ್ತವರು 246 ಜನ ಎಂದು ಟೆಕ್ಸಸ್‌ನ ಆರೋಗ್ಯ ಇಲಾಖೆ ನಂತರ ಲೆಕ್ಕ ಕೊಟ್ಟಿತು. ನಾವು ಬದುಕಿದೆವು, ಗೋಡೆ ತಾರಸಿ ಮಾತ್ರ ಹೋದವು. ಹದಿನೈದು ದಿನ ಬಿಟ್ಟು ವಿಮೆಯವರು ಫೋನ್ ಮಾಡಿದರು. ಹಾನಿಯ ಲೆಕ್ಕ ಹಾಕುವ ಆ ಅಧಿಕಾರಿಯನ್ನು ಇಲ್ಲಿ ಕರೆಯುವುದೇ ‘ಅಡ್ಜಸ್ಟರ್’ ಎಂದು. ಆಕೆ ಒಂದೊಂದಾಗಿ ಕೇಳುತ್ತಾ ಹೋದಳು. ಪೈಪು ಎಷ್ಟು ಹೊತ್ತಿಗೆ ಒಡೆಯಿತು? ಹೇಳಿದೆ. ನೀರು ಎಷ್ಟು ಹೊತ್ತು ಹರಿಯಿತು? ಹೇಳಿದೆ. ನೀರನ್ನು ನಿಲ್ಲಿಸಿದ್ದು ಯಾರು? ಪಕ್ಕದ ಮನೆಯವರು. ಅವರ ಪೂರ್ತಿ ಹೆಸರು?

ನನಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷ ಪಕ್ಕದಲ್ಲಿದ್ದು, ಎರಡು ರಾತ್ರಿ ಅವರ ಮನೆಯಲ್ಲಿ ಮಲಗಿ ಎದ್ದು ಬಂದು, ಅವರ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿ ನಾವು ಅವರನ್ನು ‘ಟೋಪಿ ತಾತ’ ಎನ್ನುತ್ತಿದ್ದೆವು. ಎರಡು ದೇಶದ ಪರೀಕ್ಷೆ ಪಾಸು ಮಾಡಿ, ಕಾಲಂ ಖಾಲಿ ಬಿಡಬಾರದೆಂದು ಬೇರೆಯವರಿಗೆ ಹೇಳುವ ಕಸುಬಿನ ನಾನು, ಆ ಒಂದು ಕಾಲಂ ಖಾಲಿ ಬಿಟ್ಟು ‘ಒಂದು ನಿಮಿಷ, ಕೇಳಿಕೊಂಡು ಬರುತ್ತೇನೆ’ ಎಂದು ಫೋನ್ ಕೆಳಗಿಟ್ಟೆ. ಅಷ್ಟು ನಾಚಿಕೆ ನನಗೆ ಇನ್ನು ಯಾವ ದಿನವೂ ಆಗಿಲ್ಲ.

ಈಗ ನಮ್ಮ ಮೊದಲ ಪುಸ್ತಕಕ್ಕೆ ಬರೋಣ. ಬೆಂಗಳೂರಿನಲ್ಲಿ ಹೊರರಾಜ್ಯದಿಂದ ಬಂದ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಊಹಿಸಿಕೊಳ್ಳಿ. ಅವನು ಟ್ರಾಫಿಕ್ ದಂಡಕ್ಕೆ ಹೆದರಿ ಹೆಲ್ಮೆಟ್ ಹಾಕುತ್ತಾನೆ. ಮನೆಯ ಕಂದಾಯಕ್ಕೆ ಏಪ್ರಿಲ್ ತಿಂಗಳಲ್ಲಿ ರಿಯಾಯಿತಿ ಇದೆ ಎಂದು ತಿಳಿದುಕೊಂಡು ಕಟ್ಟುತ್ತಾನೆ. ಪಕ್ಕದ ಮನೆಯವರ ಹೆಸರು ಅವನಿಗೆ ಗೊತ್ತಿಲ್ಲ. ಇಲ್ಲಿಯವರ ಮಾತು, ಬಾವುಟ, ನಾಡಗೀತೆ ಅವನಿಗೆ ತಮಾಷೆ. ಯಾಕಪ್ಪಾ ಎಂದರೆ, ‘ತೆರಿಗೆ ಕಟ್ಟುತ್ತೇನೆ, ಕಾನೂನು ಪಾಲಿಸುತ್ತೇನೆ, ಇನ್ನೇನು ಬೇಕು?’ ಎನ್ನುತ್ತಾನೆ. ನಮಗೆ ಮೈ ಉರಿಯುತ್ತದೆ. ಈಗ ಅದೇ ವಾಕ್ಯವನ್ನು ಡಲ್ಲಾಸಿನ ನಮ್ಮ ಯಾವ ಪಾಟ್‌ಲಕ್ಕಿನಲ್ಲಾದರೂ ಕೂತು ಕೇಳಿ. ‘ತೆರಿಗೆ ಕಟ್ಟುತ್ತೇವೆ, ಕಾನೂನು ಪಾಲಿಸುತ್ತೇವೆ, ಇನ್ನೇನು ಬೇಕಂತೆ ಇವರಿಗೆ?’ ಒಂದಕ್ಷರವೂ ಬದಲಿಲ್ಲ.

ಟೆಕ್ಸಸ್ ಮಕ್ಕಳು ಬೆಳಿಗ್ಗೆ ಶಾಲೆಯಲ್ಲಿ ದೇಶದ ಬಾವುಟಕ್ಕೂ ರಾಜ್ಯದ ಬಾವುಟಕ್ಕೂ ಬೇರೆ ಬೇರೆ ಪ್ರತಿಜ್ಞೆ ಹೇಳುತ್ತಾರೆ. 1836ರಿಂದ 1845ರವರೆಗೆ ತಮ್ಮದು ಸ್ವತಂತ್ರ ಗಣರಾಜ್ಯವಾಗಿತ್ತು ಎನ್ನುವುದು ಅವರ ಹೆಮ್ಮೆ. ಅದನ್ನು ಬಾವಿಕಪ್ಪೆತನ ಎಂದು ಹಾಸ್ಯ ಮಾಡುವ ನಾವು, ಇದೇ ಊರಿನ ಶಾಲೆಯೊಂದರ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ಹಳದಿ ಕೆಂಪು ಶಾಲು ಹೊದ್ದು, 1956ರ ಏಕೀಕರಣವನ್ನೂ 1973ರ ನಾಮಕರಣವನ್ನೂ ನೆನೆದು, ನಾಡಗೀತೆಗೆ ಎದ್ದು ನಿಂತು ಕಣ್ಣು ಒರೆಸಿಕೊಳ್ಳುತ್ತೇವೆ. ನಮ್ಮದು ನಾಡಪ್ರೇಮ, ಅವರದು ಹುಚ್ಚು. ಇದಕ್ಕೆ ಲೆಕ್ಕಶಾಸ್ತ್ರದಲ್ಲಿ ಒಂದೇ ಹೆಸರು, ಸುಳ್ಳು ಲೆಕ್ಕ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಟೆಕ್ಸಸ್‌ಗೆ ಬರಲು ಹೊಸ ಭಾಷೆ ಕಲಿಯಬೇಕಿಲ್ಲ, ಇಂಗ್ಲಿಷ್ ಮೊದಲೇ ಗೊತ್ತು. ಕನ್ನಡದ ಪ್ರಶ್ನೆ ಬೇರೆ, ಅಲ್ಲಿ ಭಾಷೆಯ ಅಳಿವು ಉಳಿವಿನ ಮಾತಿದೆ ಎನ್ನುತ್ತಾರೆ. ಒಪ್ಪುತ್ತೇನೆ. ಬೆಂಗಳೂರಿನಲ್ಲಿ ಬಾಳಲು ಬಂದವರು ಕನ್ನಡ ಕಲಿಯಬೇಕು ಎನ್ನುವ ಮಾತಿನಿಂದ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ. ಆದರೆ ಅದರಿಂದ ನಮ್ಮ ತಪ್ಪು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅವನ ಮುಂದೆ ಒಂದು ಇಡೀ ಭಾಷೆಯ ಬೆಟ್ಟ ಇದೆ. ನಮ್ಮ ಮುಂದೆ ಇದ್ದದ್ದು ಪಕ್ಕದ ಮನೆಯ ಒಂದು ಹೆಸರು. ಅದನ್ನೂ ಹತ್ತಲಿಲ್ಲ.

ಇನ್ನೊಂದು ಆಕ್ಷೇಪಣೆ ಭಾರವಾದದ್ದು. ‘ಇಲ್ಲಿ ಎಲ್ಲರೂ ನಿಮ್ಮ ಟೋಪಿ ತಾತನಂತಿಲ್ಲ. ನಿಮ್ಮ ದೇಶಕ್ಕೆ ಹೋಗಿ ಎನ್ನುವವರೂ ಇದ್ದಾರೆ. ವೀಸಾದ ಕತ್ತಿ ತಲೆಯ ಮೇಲೆ ತೂಗುವಾಗ ಬೇರು ಬಿಡುವುದು ಹೇಗೆ?’ ನಿಜ. ಅಂಗಡಿಯಲ್ಲಿ ನನಗೂ ಆ ಮಾತು ಬಿದ್ದಿದೆ. ಹಾಗೆ ಹೇಳುವವರ ಮುಂದೆ ಬಗ್ಗಿ ನಡೆಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಹೊಂದಿಕೊಳ್ಳುವುದು ಬೇರೆ, ಬಗ್ಗುವುದು ಬೇರೆ. ಹೆದರಿಕೆಯಿಂದ ಮಾಡುವುದು ಬಗ್ಗುವುದು. ಅದನ್ನು ನಾವು ದಂಡದ ಬಾಬ್ತಿನಲ್ಲಿ ಚೆನ್ನಾಗಿಯೇ ಮಾಡುತ್ತಿದ್ದೇವೆ. ತಿಳಿದುಕೊಂಡು ಮಾಡುವುದು ಹೊಂದಿಕೊಳ್ಳುವುದು. ಅದಕ್ಕೆ ಗ್ರೀನ್ ಕಾರ್ಡು ಬೇಕಿಲ್ಲ.

ಒಂದು ಉದಾಹರಣೆ. ಮನೆ ತೆರಿಗೆ ಜಾಸ್ತಿಯಾಯಿತೆಂದು ಪ್ರತಿ ವರ್ಷ ಗೊಣಗುತ್ತೇವೆ. ಆ ತೆರಿಗೆಯ ದರವನ್ನು ನಿಗದಿ ಮಾಡುವುದು ವಾಷಿಂಗ್ಟನ್ನಿನಲ್ಲಲ್ಲ. ನಮ್ಮದೇ ಊರಿನ ಕೌನ್ಸಿಲ್ಲು, ಕೌಂಟಿ, ಶಾಲಾ ಮಂಡಳಿಗಳು. ಬೇಸಿಗೆಯ ಕೊನೆಯಲ್ಲಿ ಬಜೆಟ್ಟಿನ ಬಹಿರಂಗ ಸಭೆಗಳು ನಡೆಯುತ್ತವೆ. ಮತ ಹಾಕಲು ಪೌರತ್ವ ಬೇಕು, ಆ ಸಭೆಯಲ್ಲಿ ಮೂರು ನಿಮಿಷ ಮಾತಾಡಲು ಬೇಡ. 2022ರಲ್ಲಿ ಮೊದಲ ಸಲ ಹೋದೆ. ಸಾರ್ವಜನಿಕರ ಕುರ್ಚಿಗಳಲ್ಲಿ ಹನ್ನೊಂದು ಜನ ಇದ್ದೆವು. ನಮ್ಮ ಬೀದಿಯಲ್ಲೇ ಭಾರತದವರ ಮನೆಗಳು ಹನ್ನೊಂದಕ್ಕಿಂತ ಹೆಚ್ಚಿವೆ. ಅವುಗಳಿಂದ ಬಂದವಳು ನಾನೊಬ್ಬಳೇ. ಹೋಮ್‌ಸ್ಟೆಡ್ ಅರ್ಜಿಯ ಬಗ್ಗೆ ನನ್ನನ್ನು ಗಂಟೆಗಟ್ಟಲೆ ಕೇಳಿದವರು ಯಾರೂ ಬರಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಟೋಪಿ ತಾತ. ಅವರ ಹೆಸರು ಈಗ ನನಗೆ ಗೊತ್ತು. ಅವರಿಗೆ ಕೇಳದೆ ಅಚ್ಚು ಹಾಕಿಸುವುದು ಸರಿಯಲ್ಲವೆಂದು ಇಲ್ಲಿ ಬರೆಯುತ್ತಿಲ್ಲ.

ಊರಿನಲ್ಲಿರುವ ಓದುಗರಿಗೂ ಒಂದು ಮಾತಿದೆ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವುದು ನಮ್ಮ ಬಸ್ಸಿನ ಸೀಟುಗಳಿಂದ ಹುಟ್ಟಿದ ಮಾತು. ಅದರಲ್ಲಿ ಎರಡು ಕ್ರಿಯೆಗಳಿವೆ. ಕೂತವರು ಸ್ವಲ್ಪ ಸರಿಯುತ್ತಾರೆ, ನಿಂತವರು ಮೈ ಮುದುಡಿಕೊಂಡು ಕೂರುತ್ತಾರೆ. ಒಬ್ಬರೇ ಮಾಡಿದರೆ ಅದು ಆಗುವುದಿಲ್ಲ. ನಾನು ಪೆಟ್ರೋಲ್ ಹಾಕುವುದನ್ನು ಕಲಿತದ್ದು ಒಬ್ಬಾತ ಟ್ರಕ್ಕಿನಿಂದ ಇಳಿದು ಬಂದು, ನಗದೆ, ಹೇಳಿಕೊಟ್ಟದ್ದರಿಂದ. ಬೆಂಗಳೂರಿನಲ್ಲಿ ಹೊರಗಿನವರು ತಪ್ಪು ಕನ್ನಡದಲ್ಲಿ ಒಂದು ವಾಕ್ಯ ಶುರು ಮಾಡಿದರೆ, ಅದು ಮುಗಿಯುವ ಮೊದಲೇ ಹಿಂದಿಗೋ ಇಂಗ್ಲಿಷಿಗೋ ಜಾರುವವರು ನಾವಲ್ಲವೇ? ಆರ್ಟಿಕಲ್‌ಶಿಪ್ಪಿಗೆಂದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದ ನನಗೆ ‘ನಿಮ್ಮದು ಯಾವ ಕನ್ನಡ ರೀ?’ ಎಂದು ಆಫೀಸಿನಲ್ಲಿ ನಕ್ಕವರು ಕನ್ನಡಿಗರೇ. ಕನ್ನಡದವಳನ್ನೇ ಹಾಗೆ ಕೂರಿಸಿಕೊಂಡವರು ಬೇರೆಯವರಿಗೆ ಎಷ್ಟು ಜಾಗ ಬಿಟ್ಟಾರು? ಕಲಿಯಬೇಕೆಂದು ಕೇಳುವುದು ನಮ್ಮ ಹಕ್ಕು. ಕಲಿಸುವ ತಾಳ್ಮೆ ಆ ಹಕ್ಕಿನ ಎದುರು ಬದಿಯ ಜಮಾ. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಬರುವ ನವೆಂಬರಿನಲ್ಲಿ ‘ಅವರು ಯಾಕೆ ಕನ್ನಡ ಕಲಿಯುವುದಿಲ್ಲ’ ಎಂಬ ಸಂದೇಶವನ್ನು ಮುಂದೆ ಕಳಿಸುವ ಮೊದಲು ನಮ್ಮನ್ನು ನಾವು ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ. ಎಡಬಲದ ಮನೆಯವರ ಹೆಸರೇನು? ನಾವು ನಿಂತಿರುವ ಮಣ್ಣು ಎಂಥದು? ನಮ್ಮ ಮನೆಯ ನೀರನ್ನು ಎಲ್ಲಿ ನಿಲ್ಲಿಸಬೇಕು? ನಮ್ಮ ಊರಿನ ತೆರಿಗೆಯನ್ನು ಯಾವ ಕೋಣೆಯಲ್ಲಿ ಕೂತು ತೀರ್ಮಾನಿಸುತ್ತಾರೆ? ನಾಲ್ಕಕ್ಕೂ ಉತ್ತರ ಇದ್ದವರು ಧಾರಾಳವಾಗಿ ಕಳಿಸಿ, ನಾನೂ ಹೆಬ್ಬೆರಳು ಎತ್ತುತ್ತೇನೆ. ಉತ್ತರ ಇಲ್ಲದವರು ಆ ದಿನ ಫೋನು ಕೆಳಗಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿ. ಹೋಗುವಾಗ ಕೈಯಲ್ಲಿ ಒಂದು ಡಬ್ಬಿ ಚಕ್ಕುಲಿ ಇರಲಿ. ನಮ್ಮ ಪಕ್ಕದವರಿಗೆ ಅದು ಹಿಡಿಸಿದೆ; ಖಾರ ಮಾತ್ರ ಸ್ವಲ್ಪ ಕಡಿಮೆ ಹಾಕಿ ಎಂದಿದ್ದಾರೆ. ಹಾಕುತ್ತಿದ್ದೇನೆ.